ಬೆಳಕು, ಚಿನ್ನದ ಕಣ ಮತ್ತು ಚರ್ಮದ ಅರ್ಬುದ

ಕಳೆದ ಕೆಲವು ತಿಂಗಳುಗಳಿಂದ ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಹಲವರು ನಮ್ಮನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಡಾಕ್ಟರ್ ಸಾಹೇಬರೇ, ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳನ್ನು ಮೈಯೊಳಗೆ ಸೇರಿಸಿ ಮೇಲಿಂದ ಬೆಳಕು ಬಿಟ್ಟರೆ ಚರ್ಮದ ಕ್ಯಾನ್ಸರ್ ಸುಟ್ಟುಹೋಗುತ್ತದಂತೆ, ನಿಜವೇ?" ಮೊಬೈಲಿನಲ್ಲಿ ಕೈಯಿಂದ ಕೈಗೆ ಬಂದ ಸುದ್ದಿಯೊಂದು ಈ ಪ್ರಶ್ನೆಗೆ ಮೂಲ. ಆ ಸುದ್ದಿಯ ಕೊನೆಯಲ್ಲಿ ಯಾರೋ ಪುಣ್ಯಾತ್ಮರು ಇನ್ನೊಂದು ಸಾಲನ್ನೂ ಸೇರಿಸಿದ್ದಾರೆ: ಇದು ನಮ್ಮ ಹಿರಿಯರ ಸುವರ್ಣ ಭಸ್ಮವೇ ಹೊರತು ಬೇರೆಯಲ್ಲ, ಆದುದರಿಂದ ಆಸ್ಪತ್ರೆಗೆ ಅಲೆಯಬೇಕಾಗಿಲ್ಲ ಎಂದು.

ಸುದ್ದಿಯ ಮೊದಲ ಭಾಗದಲ್ಲಿ ಸತ್ಯಾಂಶವುಂಟು. ಎರಡನೆಯ ಭಾಗವು ಜೀವಕ್ಕೆ ಎರವಾಗಬಲ್ಲ ಮಾತು. ಆಯುರ್ವೇದವನ್ನೇ ಓದಿ, ಆಯುರ್ವೇದದಿಂದಲೇ ಬದುಕು ಸಾಗಿಸಿದ ನಾವು ಇದನ್ನು ಹೇಳದೆ ಹೋದರೆ ಬೇರೆ ಯಾರು ಹೇಳಿದರೂ ಜನ ನಂಬುವುದು ಕಷ್ಟವೆಂದು ತೋರಿ, ಈ ತಿಂಗಳ ಆರೋಗ್ಯ ಪುಟವನ್ನು ಈ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಮೊದಲು ರೋಗದ ಪರಿಚಯ. ಚರ್ಮದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಮೂರು ಬಗೆ. ಚರ್ಮದ ಹೊರಪದರದ ತಳದಲ್ಲಿರುವ ಜೀವಕೋಶಗಳಿಂದ ಹುಟ್ಟುವುದು ಒಂದು. ಇದು ಸಾಮಾನ್ಯವಾಗಿ ಮೂಗು, ಕೆನ್ನೆ, ಕಣ್ಣಿನ ಅಂಚುಗಳಲ್ಲಿ ಮುತ್ತಿನಂತೆ ಹೊಳೆಯುವ ಸಣ್ಣ ಗಂಟಾಗಿ ಕಾಣುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಅದು ಕಪ್ಪಾಗಿದ್ದು ಮಚ್ಚೆಯೆಂಬ ಭ್ರಮೆ ಹುಟ್ಟಿಸುತ್ತದೆ. ದೇಹದ ಬೇರೆಡೆಗೆ ಹರಡುವುದು ಬಹಳ ಅಪರೂಪ, ಆದರೆ ಇದ್ದಲ್ಲಿಯೇ ನಿಧಾನವಾಗಿ ಕೊರೆಯುತ್ತ ಹೋಗುತ್ತದೆ. ಅದಕ್ಕಿಂತ ಮೇಲಿನ ಪದರದ ಚಪ್ಪಟೆ ಕೋಶಗಳಿಂದ ಹುಟ್ಟುವುದು ಎರಡನೆಯದು. ಇದು ಗಡುಸಾದ, ಸಿಪ್ಪೆಗಟ್ಟಿದ, ಮುಟ್ಟಿದರೆ ರಕ್ತ ಬರುವ ಹುಣ್ಣಾಗುತ್ತದೆ. ತಡಮಾಡಿದರೆ ಕಂಕುಳು, ತೊಡೆಸಂದಿನ ದುಗ್ಧಗ್ರಂಥಿಗಳಿಗೆ ಇಳಿಯುತ್ತದೆ. ಮೂರನೆಯದು ಮೈಬಣ್ಣ ತಯಾರಿಸುವ ಕೋಶಗಳಿಂದ ಹುಟ್ಟುವ ಮೆಲನೋಮ. ಸಂಖ್ಯೆಯಲ್ಲಿ ಕಡಿಮೆ, ಅಪಾಯದಲ್ಲಿ ಎಲ್ಲಕ್ಕಿಂತ ಹೆಚ್ಚು.

ಬಿಳಿಯ ಚರ್ಮದವರು ಬಿಸಿಲ ನಾಡಿನಲ್ಲಿ ನೆಲೆಸಿರುವ ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಈ ರೋಗ ಮನೆಮಾತು. ನಮ್ಮ ಚರ್ಮದಲ್ಲಿರುವ ಕಪ್ಪು ವರ್ಣದ್ರವ್ಯವು ಸೂರ್ಯನ ಅತಿನೇರಳೆ ಕಿರಣಗಳಿಗೆ ಅಡ್ಡ ನಿಲ್ಲುವುದರಿಂದ ನಮ್ಮಲ್ಲಿ ಇದು ವಿರಳ. ಆದರೆ ವಿರಳವೆಂದ ಮಾತ್ರಕ್ಕೆ ಇಲ್ಲವೆಂದಲ್ಲ. ನಮ್ಮವರಲ್ಲಿ ಅದು ಬರುವ ದಾರಿಯೂ ಕೂರುವ ಜಾಗವೂ ಬೇರೆ. ಎಂದೋ ಸುಟ್ಟ ಗಾಯದ ಹಳೆಯ ಕಲೆಯ ಮೇಲೆ, ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣಿನ ಅಂಚಿನಲ್ಲಿ ಅದು ಏಳುತ್ತದೆ. ಕಾಶ್ಮೀರದಲ್ಲಿ ಚಳಿಗೆಂದು ನಿಲುವಂಗಿಯ ಒಳಗೆ ಕೆಂಡದ ಮಡಕೆ ಇಟ್ಟುಕೊಳ್ಳುವವರ ಹೊಟ್ಟೆ, ತೊಡೆಗಳ ಮೇಲೆ ಬರುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ರೋಗಶಾಸ್ತ್ರಜ್ಞ ಡಾ. ಖಾನೋಲ್ಕರ್ ಅವರು 1945ರಷ್ಟು ಹಿಂದೆಯೇ ಧೋತರದ ಬಿಗಿ ಗಂಟು ಸದಾ ಉಜ್ಜುವ ಸೊಂಟದ ಮೇಲೆ ಹುಟ್ಟುವ ಕ್ಯಾನ್ಸರನ್ನು ಗುರುತಿಸಿ ಬರೆದರು. ಸೀರೆಯ ಒಳಲಂಗದ ಲಾಡಿ ಬಿಗಿಯುವ ಜಾಗದಲ್ಲಿಯೂ ಹೀಗೆಯೇ ಆದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಮೆಲನೋಮವಂತೂ ನಮ್ಮಲ್ಲಿ ಬಿಸಿಲು ಕಾಣದ ಅಂಗಾಲಿನಲ್ಲಿ, ಉಗುರಿನ ಅಡಿಯಲ್ಲಿ ಅಡಗಿ ಕೂರುವುದೇ ಹೆಚ್ಚು. ಬರಿಗಾಲಲ್ಲಿ ಹೊಲಕ್ಕೆ ಹೋಗುವವರು ಅದನ್ನು ಆಣಿ ಎಂದುಕೊಂಡು ಬ್ಲೇಡಿನಿಂದ ಕೆತ್ತಿಕೊಳ್ಳುತ್ತಾರೆ.

ಇನ್ನೊಂದು ಕಾರಣ ಕಲ್ಯಾಣ ಕರ್ನಾಟಕದ ನಮ್ಮ ಓದುಗರಿಗೆ ಹತ್ತಿರದ್ದು. ಯಾದಗಿರಿ ಜಿಲ್ಲೆಯಲ್ಲಿ, ಹಿಂದೆ ಚಿನ್ನದ ಗಣಿಗಾರಿಕೆ ನಡೆದ ಮಂಗಳೂರು ಎಂಬ ಗ್ರಾಮದ ಸುತ್ತಿನ ನೆಲದಲ್ಲಿ ಆರ್ಸೆನಿಕ್ ಎಂಬ ವಿಷಧಾತು ಸಹಜವಾಗಿಯೇ ಇದೆ. ನಮ್ಮ ರಸಶಾಸ್ತ್ರದಲ್ಲಿ ಹರಿತಾಳ, ಮನಃಶಿಲೆ ಎನ್ನುವ ಖನಿಜಗಳಲ್ಲಿ ಇರುವುದೂ ಇದೇ. ಅಲ್ಲಿನ ಕಿರದಳ್ಳಿ ತಾಂಡಾದ ಕೊಳವೆಬಾವಿಯ ನೀರು ಕುಡಿದ ಅನೇಕರ ಅಂಗೈ, ಅಂಗಾಲುಗಳು ಗಂಟುಗಂಟಾಗಿ ಗಡುಸಾಗಿ, ಮೈಮೇಲೆ ಮಳೆಹನಿ ಬಿದ್ದಂಥ ಚುಕ್ಕಿಗಳೆದ್ದುದನ್ನು ಸಂಶೋಧಕರು 2013ರಲ್ಲಿ ಪ್ರಕಟಿಸಿದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ಇರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಈ ಮಿತಿ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರಿಗೆ ಚರ್ಮದ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಅದು ಮೊದಲು ಬರುವುದು ಬೋವೆನ್ ಕಾಯಿಲೆ ಎಂಬ ರೂಪದಲ್ಲಿ: ಕೆಂಪಗೆ, ಹೊಟ್ಟು ಏಳುವ, ತುರಿಗಜ್ಜಿಯೋ ಹುಳುಕಡ್ಡಿಯೋ ಎಂದು ತಪ್ಪು ತಿಳಿಯಬಹುದಾದ ಪಟ್ಟೆ. ಈ ಹಂತದಲ್ಲಿ ಕ್ಯಾನ್ಸರ್ ಕೋಶಗಳು ಚರ್ಮದ ಹೊರಪದರದಲ್ಲಿಯೇ ಬಂದಿಯಾಗಿರುತ್ತವೆ, ಕೆಳಗೆ ಇಳಿದಿರುವುದಿಲ್ಲ.

ಇದನ್ನು ಇಷ್ಟು ವಿವರಿಸಲು ಕಾರಣವಿದೆ. ಬೆಳಕಿನ ಚಿಕಿತ್ಸೆಗೆ ಇಂದು ನಿಜವಾದ ಎಡೆ ಇರುವುದು ಈ ಹಂತದಲ್ಲಿಯೇ.

ಬೆಳಕು ಔಷಧವಾದ ಬಗೆ

ಔಷಧವೊಂದನ್ನು ಕೊಟ್ಟು ಆಮೇಲೆ ರೋಗಿಯನ್ನು ಬಿಸಿಲಿಗೆ ಕೂರಿಸುವ ಕ್ರಮ ನಮಗೆ ಹೊಸದಲ್ಲ. ತೊನ್ನಿಗೆ, ಅಂದರೆ ಶ್ವಿತ್ರಕ್ಕೆ, ಚರಕ ಸಂಹಿತೆಯು ಔಷಧ ಸೇವನೆಯ ಬಳಿಕ ಶಕ್ತ್ಯನುಸಾರ ಬಿಸಿಲು ಕಾಯಿಸಬೇಕೆಂದು ವಿಧಿಸುತ್ತದೆ. ನಮ್ಮ ಕಡೆ ಬಾವಂಚಿ ಎಂದು ಕರೆಯುವ ಬಾಕುಚಿ ಬೀಜದ ಲೇಪವನ್ನು ಹಚ್ಚಿ ಬಿಸಿಲಿಗೆ ಮೈಯೊಡ್ಡುವುದು ಇಂದಿಗೂ ನಡೆಯುತ್ತಿದೆ. ಬಾಕುಚಿಯಲ್ಲಿರುವ ಸೊರಾಲೆನ್ ಎಂಬ ಅಂಶವೇ ಇಲ್ಲಿ ಕೆಲಸ ಮಾಡುವುದು. ಅತಿನೇರಳೆ ಕಿರಣ ತಾಗಿದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಈಜಿಪ್ಟಿನವರು ಬೇರೊಂದು ಗಿಡದಿಂದ ಇದನ್ನೇ ಮಾಡುತ್ತಿದ್ದರು. ಕೈರೋದ ಡಾ. ಎಲ್ ಮೋಫ್ತಿ ಅವರು 1940ರ ದಶಕದಲ್ಲಿ ಆ ಗಿಡದ ಸಾರವನ್ನು ಶುದ್ಧ ರೂಪದಲ್ಲಿ ಬಳಸಿ ತೋರಿಸಿದ ಮೇಲೆ ಆಧುನಿಕ ವೈದ್ಯವೂ ಇದನ್ನು ಕೈಗೆತ್ತಿಕೊಂಡಿತು. ಈ ಬಾಕುಚಿಯ ವಿಷಯಕ್ಕೆ ಇನ್ನೊಮ್ಮೆ ಬರಬೇಕಾಗಿದೆ.

ಯುರೋಪಿನಲ್ಲಿ ಬೆಳಕಿಗೆ ಔಷಧದ ಗೌರವ ತಂದವರು ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್. ಮುಖವನ್ನು ವಿಕಾರಗೊಳಿಸುವ ಚರ್ಮದ ಕ್ಷಯಕ್ಕೆ ಅವರು ಇಂಗಾಲದ ಚಾಪದೀಪದ ಬೆಳಕನ್ನು ಒಟ್ಟುಗೂಡಿಸಿ, ಅದರ ಕಾವನ್ನು ನೀರಿನಿಂದ ಸೋಸಿ ಚಿಕಿತ್ಸೆ ಮಾಡಿದರು. 1903ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಮರುವರ್ಷವೇ, ನಲವತ್ನಾಲ್ಕು ತುಂಬುವ ಮುನ್ನ, ತೀರಿಕೊಂಡರು.

ಆದರೆ ನಮ್ಮ ವಿಷಯದ ಬೀಜ ಬಿದ್ದದ್ದು ಜರ್ಮನಿಯ ಮ್ಯೂನಿಕ್ ನಗರದಲ್ಲಿ, ಅದೂ ಒಬ್ಬ ವಿದ್ಯಾರ್ಥಿಯ ಕೈಯಲ್ಲಿ. ಆಸ್ಕರ್ ರಾಬ್ ಎಂಬಾತ ತನ್ನ ಗುರು ಹರ್ಮನ್ ಫಾನ್ ಟಾಪೈನರ್ ಅವರ ಪ್ರಯೋಗಾಲಯದಲ್ಲಿ, ನೀರಿನಲ್ಲಿ ಬದುಕುವ ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಗೆ ಅಕ್ರಿಡಿನ್ ಬಣ್ಣವನ್ನು ಬೆರೆಸಿ ಅವು ಎಷ್ಟು ಹೊತ್ತಿನಲ್ಲಿ ಸಾಯುತ್ತವೆಂದು ಅಳೆಯುತ್ತಿದ್ದ. ಒಂದು ದಿನ ಬೇಗ ಸತ್ತವು, ಇನ್ನೊಂದು ದಿನ ಅದೇ ಪ್ರಮಾಣದ ಬಣ್ಣದಲ್ಲಿ ಬಹಳ ಹೊತ್ತು ಬದುಕಿದವು. ಎಲ್ಲವೂ ಒಂದೇ ಆಗಿದ್ದರೂ ಈ ವ್ಯತ್ಯಾಸವೇಕೆ? ಜೀವಿಗಳು ಹೆಚ್ಚು ಹೊತ್ತು ಬದುಕಿದ ದಿನ ಗುಡುಗು ಮಳೆಯ ಮೋಡ ಕವಿದು ಕೋಣೆಯಲ್ಲಿ ಬೆಳಕು ಮಂದವಾಗಿತ್ತೆಂಬುದು ಆಗ ಹೊಳೆಯಿತು. ಬಣ್ಣವೊಂದೇ ಕೊಲ್ಲುತ್ತಿರಲಿಲ್ಲ, ಬೆಳಕೊಂದೇ ಕೊಲ್ಲುತ್ತಿರಲಿಲ್ಲ. ಎರಡೂ ಕೂಡಿದಾಗ ಕೊಲ್ಲುತ್ತಿದ್ದವು. ಇದು ಪ್ರಕಟವಾದದ್ದು 1900ರಲ್ಲಿ. 1903ರಲ್ಲಿ ಟಾಪೈನರ್ ಅವರು ಜೆಸಿಯೋನೆಕ್ ಎಂಬ ವೈದ್ಯರೊಡಗೂಡಿ ಇಯೋಸಿನ್ ಬಣ್ಣವನ್ನು ಚರ್ಮದ ಗಡ್ಡೆಗಳಿಗೆ ಹಚ್ಚಿ ಬೆಳಕು ಹಾಯಿಸಿ ನೋಡಿದರು. ಈ ಬಣ್ಣ ಮತ್ತು ಬೆಳಕಿನ ಜೋಡಿ ಕೆಲಸ ಮಾಡಲು ಆಮ್ಲಜನಕವೂ ಬೇಕೆಂದು ತಿಳಿದದ್ದು ಅದೇ ಕಾಲದಲ್ಲಿ.

ಈ ಬಗೆಯ ದ್ರವ್ಯ ದೇಹದೊಳಗೆ ಸೇರಿದರೆ ಏನಾದೀತೆಂದು ಫ್ರೆಡ್ರಿಕ್ ಮೇಯರ್ ಬೆಟ್ಸ್ ಎಂಬ ಜರ್ಮನ್ ವೈದ್ಯರು 1912ರಲ್ಲಿ ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. ರಕ್ತದ ವರ್ಣದಿಂದ ತೆಗೆದ ಹಿಮ್ಯಾಟೋಪಾರ್ಫಿರಿನ್ ಎಂಬ ದ್ರವ್ಯದ 200 ಮಿಲಿಗ್ರಾಮನ್ನು ರಕ್ತನಾಳಕ್ಕೆ ಚುಚ್ಚಿಕೊಂಡು ಬಿಸಿಲಿಗೆ ಹೋದರು. ಮುಖ ಮತ್ತು ಕೈಗಳು ಗುರುತು ಸಿಗದಂತೆ ಊದಿಕೊಂಡವು. ಎರಡು ತಿಂಗಳ ಕಾಲ ಬಿಸಿಲು ಅವರಿಗೆ ಶತ್ರುವಾಗಿತ್ತು. ಅಂದಿನ ವೈದ್ಯರ ಇಂಥ ಸಾಹಸಗಳನ್ನು ಓದುವಾಗ ನಮಗೆ ಗೌರವವೂ ಗಾಬರಿಯೂ ಒಟ್ಟಿಗೇ ಆಗುತ್ತವೆ.

ಅನಂತರ ಎರಡು ಮಹಾಯುದ್ಧಗಳು ಕಳೆದವು, ವಿಷಯ ಬಹುಮಟ್ಟಿಗೆ ಮರೆತುಹೋಯಿತು. ಅದನ್ನು ಚಿಕಿತ್ಸೆಯಾಗಿ ನಿಲ್ಲಿಸಿದವರು ಅಮೆರಿಕದ ಬಫಲೋ ನಗರದ ರಾಸ್ವೆಲ್ ಪಾರ್ಕ್ ಸಂಸ್ಥೆಯ ಥಾಮಸ್ ಡೋಹರ್ಟಿ. 1978ರಲ್ಲಿ ಅವರು 25 ರೋಗಿಗಳ ಚರ್ಮದ ಮೇಲಿನ ಮತ್ತು ಚರ್ಮದಡಿಯ 113 ಗಡ್ಡೆಗಳಿಗೆ ಇಂಥ ದ್ರವ್ಯ ಕೊಟ್ಟು ಕೆಂಪು ಬೆಳಕು ಹಾಯಿಸಿದ ವರದಿ ಪ್ರಕಟಿಸಿದರು. 111 ಗಡ್ಡೆಗಳು ಪೂರ್ಣವಾಗಿಯೋ ಭಾಗಶಃವಾಗಿಯೋ ಕರಗಿದ್ದವು. ಆದರೆ ಮೇಯರ್ ಬೆಟ್ಸ್ ಅವರ ಕಷ್ಟ ಇಲ್ಲಿಯೂ ಬಿಡಲಿಲ್ಲ. ದ್ರವ್ಯವು ಇಡೀ ದೇಹದ ಚರ್ಮದಲ್ಲಿ ವಾರಗಟ್ಟಲೆ ಉಳಿಯುತ್ತಿದ್ದುದರಿಂದ ರೋಗಿಗಳು ಬಿಸಿಲಿನಿಂದ ದೂರವಿರಬೇಕಾಗಿತ್ತು.

ಈ ತೊಡಕನ್ನು ಬಿಡಿಸಿದ ಉಪಾಯ ಬಲು ಸೊಗಸಾದುದು. ನಮ್ಮ ದೇಹದ ಪ್ರತಿಯೊಂದು ಕೋಶವೂ ರಕ್ತದ ಕೆಂಪಿಗೆ ಕಾರಣವಾದ ಹೀಮ್ ಎಂಬ ವಸ್ತುವನ್ನು ತನ್ನ ಅಗತ್ಯಕ್ಕೆ ತಯಾರಿಸಬಲ್ಲದು. ಆ ತಯಾರಿಯ ಕೊನೆಯ ಮೆಟ್ಟಿಲಿಗಿಂತ ಒಂದು ಮೆಟ್ಟಿಲು ಹಿಂದೆ ಉಂಟಾಗುವ ವಸ್ತು ಬೆಳಕಿಗೆ ತೀವ್ರವಾಗಿ ಸ್ಪಂದಿಸುವಂಥದು. ಹಾಗಾದರೆ ಅದನ್ನು ಹೊರಗಿನಿಂದ ಏಕೆ ಕೊಡಬೇಕು? ಮೂಲ ಸಾಮಗ್ರಿಯಾದ ಅಮೈನೋಲೆವುಲಿನಿಕ್ ಆಮ್ಲವನ್ನು ಮುಲಾಮಿನಂತೆ ಹಚ್ಚಿದರೆ, ಕ್ಯಾನ್ಸರ್ ಕೋಶಗಳು ಅದನ್ನು ಹೆಚ್ಚಾಗಿ ಹೀರಿ ತಮಗೆ ಮುಳುವಾಗುವ ವಸ್ತುವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಕೆನಡಿ, ಪಾಟಿಯರ್ ಮತ್ತು ಸಂಗಡಿಗರು 1990ರಲ್ಲಿ ಇದನ್ನು ತೋರಿಸಿಕೊಟ್ಟರು. 1999ರಲ್ಲಿ ಅಮೆರಿಕದ ಔಷಧ ಆಡಳಿತವು, ಬಿಸಿಲಿನಿಂದ ಬರುವ ಮತ್ತು ಮುಂದೆ ಕ್ಯಾನ್ಸರಾಗಬಹುದಾದ ಚರ್ಮದ ಒರಟು ಕಲೆಗಳಿಗೆ ಇದನ್ನು ಬಳಸಲು ಅನುಮತಿಯಿತ್ತಿತು.

ಈಗ ಈ ಚಿಕಿತ್ಸೆ ನಡೆಯುವ ರೀತಿ ಹೀಗೆ. ಕಲೆಯ ಮೇಲಿನ ಹೊಟ್ಟು, ಸಿಪ್ಪೆಗಳನ್ನು ನಯವಾಗಿ ಕೆರೆದು ತೆಗೆಯುತ್ತಾರೆ. ಮುಲಾಮನ್ನು ಲೇಪಿಸಿ, ಬೆಳಕು ತಾಗದಂತೆ ಪಟ್ಟಿ ಕಟ್ಟಿ ಸುಮಾರು ಮೂರು ಗಂಟೆ ಬಿಡುತ್ತಾರೆ. ಪಟ್ಟಿ ಬಿಚ್ಚಿ ನೀಲಿ ಬೆಳಕಿನಲ್ಲಿ ನೋಡಿದರೆ ರೋಗವಿರುವ ಜಾಗ ಗುಲಾಬಿಗೆಂಪಾಗಿ ಮಿನುಗುತ್ತದೆ. ಅನಂತರ 630 ನ್ಯಾನೊಮೀಟರಿನ ಆಸುಪಾಸಿನ ಕೆಂಪು ಬೆಳಕನ್ನು ಹತ್ತಾರು ನಿಮಿಷ ಹಾಯಿಸುತ್ತಾರೆ. ಆಗ ಆ ದ್ರವ್ಯವು ಬೆಳಕಿನ ಶಕ್ತಿಯನ್ನು ಹೀರಿ ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಹೀಗೆ ಕೆರಳಿದ ಆಮ್ಲಜನಕ ಕೋಶದ ಪೊರೆಗಳನ್ನು ಒಡೆಯುತ್ತದೆ. ಅದರ ಆಯುಸ್ಸು ಎಷ್ಟು ಅಲ್ಪವೆಂದರೆ ಒಂದು ಜೀವಕೋಶದ ಅಗಲವನ್ನು ದಾಟುವ ಮುನ್ನವೇ ಅದು ತಣ್ಣಗಾಗುತ್ತದೆ. ಪಕ್ಕದ ಆರೋಗ್ಯವಂತ ಚರ್ಮ ಬಹುಮಟ್ಟಿಗೆ ಉಳಿಯುವುದು ಇದರಿಂದಲೇ. ಬೆಳಕು ಬೀಳುವಾಗ ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ ಆಗುತ್ತದೆ. ನೋವಿಲ್ಲದ ಚಿಕಿತ್ಸೆ ಎಂಬ ಜಾಹೀರಾತಿನ ಮಾತನ್ನು ಪೂರ್ಣ ನಂಬಬಾರದು. ಕೆಲವು ದಿನ ಕೆಂಪೇರಿ, ಕಜ್ಜಿಗಟ್ಟಿ ಉದುರುತ್ತದೆ. ಕಲೆ ಉಳಿಯುವುದು ಕಡಿಮೆ. ಮುಖದ ಮೇಲೆ ಕತ್ತರಿ ಆಡಿಸಬೇಕಾದಲ್ಲಿ ಇದು ಸಣ್ಣ ಲಾಭವಲ್ಲ.

ಹೊರಪದರದಲ್ಲಿರುವ ಬೋವೆನ್ ಕಾಯಿಲೆಗೆ, ಮೇಲ್ಮೈಯಲ್ಲಿ ಹರಡಿದ ತಳಕೋಶದ ಕ್ಯಾನ್ಸರಿಗೆ ಇದು ಒಪ್ಪಿತ ಚಿಕಿತ್ಸೆಗಳಲ್ಲಿ ಒಂದು. ಅಷ್ಟೇ. ಆಳಕ್ಕಿಳಿದ ಗಡ್ಡೆಗೆ ಅಲ್ಲ.

ಕಣಗಳು ಬಂದದ್ದೇಕೆ

ಏಕೆ ಅಲ್ಲ ಎಂಬುದನ್ನು ಓದುಗರು ಮನೆಯಲ್ಲಿಯೇ ನೋಡಬಹುದು. ರಾತ್ರಿ ದೀಪ ಆರಿಸಿ ಮೊಬೈಲಿನ ಬ್ಯಾಟರಿಯ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಬಿಳಿಯ ಬೆಳಕು ಒಳಹೋದರೂ ಹೊರಬರುವುದು ಕೆಂಪು ಮಾತ್ರ. ನೀಲಿ, ಹಸಿರುಗಳನ್ನು ರಕ್ತವೂ ಚರ್ಮವೂ ನುಂಗಿಬಿಡುತ್ತವೆ. ಕೆಂಪು ಬೆಳಕು ಅಷ್ಟಿಷ್ಟು ನುಸುಳುತ್ತದೆ. ಕಣ್ಣಿಗೆ ಕಾಣದ, ಕೆಂಪಿಗೆ ನೆರೆಯ ಅವಕೆಂಪು ಕಿರಣ ಇನ್ನೂ ಆಳಕ್ಕೆ ಹೋಗುತ್ತದೆ. ಆದರೆ ಮುಲಾಮು ಮತ್ತು ಕೆಂಪು ಬೆಳಕಿನ ಜೋಡಿ ಪರಿಣಾಮಕಾರಿಯಾಗುವುದು ಎರಡು ಮಿಲಿಮೀಟರಿನಷ್ಟು ಆಳದವರೆಗೆ. ಮುಲಾಮೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮೆಲನೋಮಕ್ಕೆ ಇನ್ನೊಂದು ರಕ್ಷಾಕವಚವೂ ಉಂಟು. ಅದರ ಕಪ್ಪು ಬಣ್ಣವೇ ಬೆಳಕನ್ನು ಹೀರಿ ಒಳಗಿನ ಕೋಶಗಳನ್ನು ಕಾಪಾಡುತ್ತದೆ.

ನ್ಯಾನೊ ಕಣಗಳ ಮೊರೆಹೊಕ್ಕದ್ದು ಈ ಗೋಡೆಯನ್ನು ದಾಟಲು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್ ಎಂದರೆ ಅಳತೆಯ ಕಲ್ಪನೆ ಬಂದೀತು. ಇಷ್ಟು ಸಣ್ಣದಾದಾಗ ವಸ್ತುವಿನ ಗುಣವೇ ಬದಲಾಗುತ್ತದೆ. ಚಿನ್ನವನ್ನು ಅತಿ ಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ತೇಲಿಸಿದರೆ ಅದು ಹಳದಿಯಾಗಿ ಉಳಿಯದೆ ಮಾಣಿಕ್ಯದಂತೆ ಕೆಂಪಾಗುತ್ತದೆಂದು ಮೈಕೆಲ್ ಫ್ಯಾರಡೆ 1857ರಲ್ಲಿಯೇ ವಿವರಿಸಿದ್ದರು.

ಈ ಕಣಗಳಿಗೆ ವಿಜ್ಞಾನಿಗಳು ಒಪ್ಪಿಸಿರುವ ಕೆಲಸಗಳು ಬೇರೆ ಬೇರೆ. ಅತಿ ಸರಳವಾದದ್ದು ಕೂಲಿಯ ಕೆಲಸ: ಔಷಧವನ್ನು ಹೊತ್ತು ಚರ್ಮದೊಳಗೆ ಇಳಿಸುವುದು. ಅಮೈನೋಲೆವುಲಿನಿಕ್ ಆಮ್ಲವನ್ನು ನ್ಯಾನೊ ಗಾತ್ರದ ಜಿಡ್ಡಿನ ಹನಿಗಳ ಜೊತೆ ಬೆರೆಸಿದ ಜೆಲ್‌ಗೆ ಯುರೋಪಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರೆತಿದೆ. ಸುದ್ದಿಯ ಅಬ್ಬರವಿಲ್ಲದೆ ರೋಗಿಗಳ ಕೈಗೆ ನಿಜವಾಗಿ ತಲುಪಿದ್ದು ಈ ಸಾಧಾರಣ ಕೂಲಿಯಾಳೇ.

ಎರಡನೆಯ ಕೆಲಸ ದುಭಾಷಿಯದು. ಇಟ್ರಿಯಂ, ಇಟರ್ಬಿಯಂ, ಎರ್ಬಿಯಂ ಮುಂತಾದ ವಿರಳ ಧಾತುಗಳಿಂದ ಮಾಡಿದ ಕಣಗಳು ಆಳಕ್ಕೆ ಇಳಿಯಬಲ್ಲ ಅವಕೆಂಪು ಕಿರಣವನ್ನು ಹೀರಿ, ಔಷಧಕ್ಕೆ ಅರ್ಥವಾಗುವ ಹಸಿರು, ಕೆಂಪು ಬೆಳಕಾಗಿ ಅಲ್ಲಿಯೇ ಹೊರಸೂಸುತ್ತವೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ತಂಡವು 2012ರಲ್ಲಿ ಇಂಥ ಕಣಗಳಿಂದ ಇಲಿಗಳ ಮೆಲನೋಮ ಗಡ್ಡೆಗಳ ಬೆಳವಣಿಗೆಯನ್ನು ತಗ್ಗಿಸಿ ತೋರಿಸಿತು.

ಮೂರನೆಯದೇ ಮೊಬೈಲಿನ ಸುದ್ದಿಯ ಚಿನ್ನ. ಇಲ್ಲಿ ಔಷಧವೂ ಇಲ್ಲ, ಆಮ್ಲಜನಕದ ಅಗತ್ಯವೂ ಇಲ್ಲ. ಕೆಲಸ ಮಾಡುವುದು ಬರಿಯ ಕಾವು. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಸ್ ಮತ್ತು ಜೆನ್ನಿಫರ್ ವೆಸ್ಟ್ ಎಂಬ ವಿದುಷಿಯರು ಮರಳಿನ ಮೂಲವಸ್ತುವಾದ ಸಿಲಿಕಾದ ಗುಂಡಿಗೆ ಚಿನ್ನದ ತೆಳು ಕವಚ ಹೊದಿಸಿದ ಕಣಗಳನ್ನು ಬಳಸಿದರು. ಕವಚದ ದಪ್ಪವನ್ನು ಹೆಚ್ಚು ಕಡಿಮೆ ಮಾಡಿ, ಅವಕೆಂಪು ಕಿರಣವನ್ನೇ ಹೀರುವಂತೆ ಅದನ್ನು ಶ್ರುತಿಗೂಡಿಸಬಹುದು. ವೀಣೆಯ ತಂತಿಯನ್ನು ಬಿಗಿದು ಸಡಿಲಿಸಿ ಸ್ವರ ಹಿಡಿದಂತೆ. ಕಿರಣ ಹೀರಿದ ಕಣ ಬಿಸಿಯಾಗುತ್ತದೆ, ಸುತ್ತಲಿನ ಕೋಶಗಳು ಬೆಂದು ಸಾಯುತ್ತವೆ. ಇದರ ಮೊದಲ ವರದಿ 2003ರದು. ಜಾರ್ಜಿಯಾ ಟೆಕ್ ಸಂಸ್ಥೆಯ ಮುಸ್ತಫಾ ಎಲ್ ಸಯ್ಯದ್ ಅವರು ಶಸ್ತ್ರವೈದ್ಯರಾದ ತಮ್ಮ ಮಗನೊಡಗೂಡಿ ಗುಂಡಿಯ ಬದಲು ಕಡ್ಡಿಯಾಕಾರದ ಚಿನ್ನದ ಕಣಗಳಿಂದ ಇದನ್ನೇ ಸಾಧಿಸಿದರು. ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಚಿನ್ನದ ಕವಚದ ಕಣಗಳು ಹೆಚ್ಚು ಮುಂದೆ ಸಾಗಿರುವುದು ಚರ್ಮದಲ್ಲಲ್ಲ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನಲ್ಲಿ. 16 ಮಂದಿಯ ಮೇಲೆ ನಡೆದ ಮೊದಲ ಪ್ರಯೋಗದ ವರದಿ 2019ರಲ್ಲಿ ಬಂದಿತು. ಹದಿನಾರು ಮಂದಿ! ಸುದ್ದಿಯನ್ನು ಮುಂದಕ್ಕೆ ಕಳುಹಿಸುವವರು ಈ ಸಂಖ್ಯೆಯನ್ನೂ ಕಳುಹಿಸುವುದಿಲ್ಲ.

ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಏಕೆ ನಿಧಾನ? ಇಲಿಯ ಚರ್ಮ ತೆಳು, ಪ್ರಯೋಗದ ಗಡ್ಡೆ ಸಾಮಾನ್ಯವಾಗಿ ಅದರ ಅಡಿಯಲ್ಲಿಯೇ ಇರುತ್ತದೆ, ಬೆಳಕಿಗೆ ಸಲೀಸು. ಮಿಗಿಲಾಗಿ, ರಕ್ತಕ್ಕೆ ಸೇರಿಸಿದ ಕಣಗಳೆಲ್ಲ ಗಡ್ಡೆಗೆ ಹೋಗುವುದಿಲ್ಲ. ಅನೇಕ ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ ಚುಚ್ಚಿದ ಕಣಗಳಲ್ಲಿ ಗಡ್ಡೆ ಮುಟ್ಟುವುದು ನೂರಕ್ಕೆ 0.7ರಷ್ಟು, ಅಂದರೆ ಒಂದು ಪಾಲೂ ಇಲ್ಲ. ಉಳಿದವುಗಳಲ್ಲಿ ಬಹುಪಾಲನ್ನು ಯಕೃತ್ತು, ಪ್ಲೀಹಗಳು ಹಿಡಿದಿಟ್ಟುಕೊಳ್ಳುತ್ತವೆ. ಅಲ್ಲಿ ಅವು ವರ್ಷಗಟ್ಟಲೆ ಕುಳಿತರೆ ಪರಿಣಾಮವೇನೆಂದು ನೋಡದೆ ಯಾವ ಸರಕಾರವೂ ಅನುಮತಿ ಕೊಡಲಾರದು, ಕೊಡಲೂಬಾರದು.

ಆದುದರಿಂದ ಚರ್ಮದ ಕ್ಯಾನ್ಸರಿಗೆ ಇಂದಿಗೂ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಗಡ್ಡೆಯೊಂದಿಗೆ ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆದು, ಅಂಚುಗಳಲ್ಲಿ ರೋಗ ಉಳಿದಿಲ್ಲವೆಂದು ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. ಅರ್ಬುದವನ್ನು ಶೇಷವಿಲ್ಲದಂತೆ ತೆಗೆಯಬೇಕು, ಶೇಷ ಉಳಿದರೆ ಅದು ಮತ್ತೆ ಬೇಗನೆ ಬೆಳೆದು ಕೊಲ್ಲುತ್ತದೆ ಎಂಬ ಎಚ್ಚರಿಕೆಯನ್ನು ಸುಶ್ರುತರು ಚಿಕಿತ್ಸಾಸ್ಥಾನದಲ್ಲಿ ಕೊಟ್ಟಿದ್ದಾರೆ. ಶಸ್ತ್ರಕ್ಕೆ ಅಂಜಿ ಆಯುರ್ವೇದಕ್ಕೆ ಬಂದೆವು ಎನ್ನುವವರಿಗೆ ನಾವು ಮೊದಲು ಹೇಳುವುದು ಇದನ್ನೇ.

ಸುವರ್ಣ ಭಸ್ಮದ ಮಾತು

ಇನ್ನು ಸುದ್ದಿಯ ಎರಡನೆಯ ಭಾಗ. ಸುವರ್ಣ ಭಸ್ಮವನ್ನು ಸೂಕ್ಷ್ಮದರ್ಶಕಗಳಲ್ಲಿ ಪರೀಕ್ಷಿಸಿದವರು ಅದರಲ್ಲಿ ನ್ಯಾನೊ ಗಾತ್ರದ ಚಿನ್ನದ ಹರಳುಗಳನ್ನು ಕಂಡಿರುವುದು ನಿಜ. ನಮ್ಮ ರಸವೈದ್ಯರ ಪುಟಪಾಕದ ಕೌಶಲಕ್ಕೆ ಅದು ಹೆಮ್ಮೆಯ ಸಂಗತಿಯೇ. ಆದರೆ ಗಾತ್ರವೊಂದು ಹೊಂದಿದ ಮಾತ್ರಕ್ಕೆ ಎರಡೂ ಒಂದೇ ಆಗವು. ಬೆಳಕಿನ ಚಿಕಿತ್ಸೆಯ ಕಣಕ್ಕೆ ಖಚಿತ ಆಕಾರ, ಖಚಿತ ಕವಚ, ರಕ್ತದಲ್ಲಿ ಗಂಟುಕಟ್ಟದಂತೆ ತಡೆಯುವ ಹೊದಿಕೆ ಬೇಕು. ಭಸ್ಮದ ಕಣಗಳು ಒಂದಕ್ಕೊಂದು ಅಂಟಿದ ನಾನಾ ಅಳತೆಯ ಗೊಂಚಲುಗಳು. ಅದನ್ನು ನಾವು ಕೊಡುವುದು ಜೇನುತುಪ್ಪದಲ್ಲಿ, ಬಾಯಿಯ ಮೂಲಕ. ಹೊಟ್ಟೆಗೆ ಹೋದ ಚಿನ್ನ ಕಾಲಿನ ಮೇಲಿನ ಗಡ್ಡೆಯನ್ನು ಹುಡುಕಿಕೊಂಡು ಹೋಗುವುದೆಂಬುದಕ್ಕೆ ಆಧಾರವಿಲ್ಲ. ಹೋದರೂ ಅದನ್ನು ಕಾಯಿಸುವ ಲೇಸರ್ ಬೆಳಕು ಎಲ್ಲಿಂದ ಬರಬೇಕು? ಶಾಸ್ತ್ರವು ಸುವರ್ಣ ಭಸ್ಮಕ್ಕೆ ಹೇಳಿದ ಗುಣಗಳು ಬೇರೆ. ಹೇಳದ ಗುಣವನ್ನು ಅದರ ತಲೆಗೆ ಕಟ್ಟುವುದು ಶಾಸ್ತ್ರಕ್ಕೆ ಮಾಡುವ ಉಪಕಾರವಲ್ಲ.

ಅರಿಸಿನದ ವಿಷಯವೂ ಹೀಗೆಯೇ. ಅರಿಸಿನದ ಸಾರವಾದ ಕರ್ಕ್ಯುಮಿನ್ ನೀಲಿ ಬೆಳಕಿನಲ್ಲಿ ಕೋಶಗಳನ್ನು ಕೊಲ್ಲಬಲ್ಲದೆಂದು ಗಾಜಿನ ತಟ್ಟೆಗಳಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ಆ ಮಾತನ್ನು ಹಿಡಿದು ಹುಣ್ಣಿಗೆ ಅರಿಸಿನ ಮೆತ್ತಿ ಬಿಸಿಲಿಗೆ ಕುಳಿತರೆ ಕ್ಯಾನ್ಸರ್ ಹೋಗದು. ಹಳದಿ ಬಣ್ಣದಡಿಯಲ್ಲಿ ವೈದ್ಯರಿಗೆ ಹುಣ್ಣು ಸರಿಯಾಗಿ ಕಾಣದಂತಾಗುವುದಷ್ಟೇ ಲಾಭ.

ಬಾಕುಚಿಯದು ಇದಕ್ಕಿಂತ ಗಂಭೀರ. ಸೊರಾಲೆನ್ ಕೊಟ್ಟು ಅತಿನೇರಳೆ ಕಿರಣ ಹಾಯಿಸುವ ಚಿಕಿತ್ಸೆಯನ್ನು 1974ರಿಂದ ಸೋರಿಯಾಸಿಸ್‌ಗೂ ಬಳಸಲಾಯಿತು. ಅಮೆರಿಕದಲ್ಲಿ ಆ ರೋಗಿಗಳನ್ನು ದಶಕಗಳ ಕಾಲ ಗಮನಿಸಿದಾಗ, ನೂರಾರು ಬಾರಿ ಚಿಕಿತ್ಸೆ ಪಡೆದವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದಿತು. ಸೊರಾಲೆನ್ ಕೋಶದ ಪೊರೆಯನ್ನಲ್ಲ, ವಂಶತಂತುವನ್ನೇ ಹಿಡಿದುಕೊಳ್ಳುವುದು ಇದಕ್ಕೆ ಕಾರಣ. ಆ ರೋಗಿಗಳು ಬಿಳಿ ಚರ್ಮದವರು, ನಮ್ಮವರಿಗೆ ಅಪಾಯ ಅಷ್ಟಿಲ್ಲವೆಂಬುದನ್ನು ಒಪ್ಪೋಣ. ಆದರೂ ತೊನ್ನಿಗೆ ವೈದ್ಯರ ಕಣ್ಗಾವಲಿನಲ್ಲಿ ಬಳಸುವ ಬಾಕುಚಿಯನ್ನು, ಇದೂ ಬೆಳಕಿನ ಔಷಧವೇ ಅಲ್ಲವೇ ಎಂದು ಸಂಶಯದ ಕಲೆಗಳಿಗೆ ಯಾರೂ ಹಚ್ಚಬಾರದು. ಬೆಳಕಿನಿಂದ ಎಚ್ಚರಗೊಳ್ಳುವ ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ.

ಭಲ್ಲಾತಕದ, ಅಂದರೆ ಕೇರುಬೀಜದ ಎಣ್ಣೆ, ಸುಣ್ಣ, ಸೋಡಾಗಳಿಂದ ಮಚ್ಚೆ, ಗಂಟುಗಳನ್ನು ಸುಡುವವರು ನಮ್ಮ ಸಂತೆಗಳಲ್ಲಿ ಈಗಲೂ ಸಿಗುತ್ತಾರೆ. ಮೇಲಿನ ಭಾಗ ಸುಟ್ಟು ಉದುರುತ್ತದೆ, ಚರ್ಮ ಕೂಡಿದಂತೆ ಕಾಣುತ್ತದೆ, ಅಡಿಯಲ್ಲಿ ರೋಗ ನಡೆದೇ ಇರುತ್ತದೆ. ಬಾಲ್ಯದಲ್ಲಿ ಒಲೆಯ ಬೆಂಕಿಯಿಂದ ಸುಟ್ಟ ಕಾಲಿನ ಕಲೆಯ ಮೇಲೆ ಹುಣ್ಣೆದ್ದ ಹಿರಿಯರೊಬ್ಬರು ಹೀಗೆ ಎರಡು ಬೇಸಿಗೆಗಳನ್ನು ಕಳೆದು ನಮ್ಮಲ್ಲಿಗೆ ಬಂದಾಗ ತೊಡೆಸಂದಿನಲ್ಲಿ ಗಂಟು ಕೈಗೆ ಸಿಗುತ್ತಿತ್ತು. ಅವರನ್ನು ಅಂದೇ ಕ್ಯಾನ್ಸರ್ ಆಸ್ಪತ್ರೆಗೆ ಕಳುಹಿಸಿದೆವು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಮೊದಲ ಬೇಸಿಗೆಯಲ್ಲಿಯೇ ಹೋಗಿದ್ದರೆ ಅಂಗೈಯಗಲದ ಚರ್ಮ ತೆಗೆದು ತೇಪೆ ಹಾಕುವುದರಲ್ಲಿ ಮುಗಿಯಬಹುದಾಗಿದ್ದ ಕೆಲಸವದು.

ಯಾವುದನ್ನು ಕಂಡರೆ ವೈದ್ಯರ ಬಳಿಗೆ ಹೋಗಬೇಕು? ಒಂದು ತಿಂಗಳಾದರೂ ಮಾಯದ ಹುಣ್ಣು. ಹಳೆಯ ಸುಟ್ಟ ಕಲೆಯಲ್ಲಿ ಹೊಸದಾಗಿ ಬಿರುಕು, ಗಂಟು, ದುರ್ವಾಸನೆ. ಗಜ್ಜಿಯ ಔಷಧಕ್ಕೆ ಬಗ್ಗದ ಒಂಟಿ ಕೆಂಪು ಪಟ್ಟೆ. ಆಕಾರ ಇಲ್ಲವೇ ಬಣ್ಣ ಬದಲಿಸುತ್ತಿರುವ ಮಚ್ಚೆ. ಅಂಗಾಲಿನ ಕಪ್ಪು ಕಲೆ. ಒಂದೇ ಉಗುರಿನಲ್ಲಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ. ಸೊಂಟದ ಲಾಡಿಯ ಜಾಗದಲ್ಲಿ ಬಣ್ಣಗೆಟ್ಟು ಒರಟಾದ ಚರ್ಮ. ಇವೆಲ್ಲವೂ ಕ್ಯಾನ್ಸರೇ ಅಲ್ಲ, ಬಹುಪಾಲು ಅಲ್ಲ. ಅಲ್ಲವೆಂದು ಹೇಳಬೇಕಾದದ್ದು ಬಯಾಪ್ಸಿ, ನೆರೆಹೊರೆಯವರಲ್ಲ. ತುಂಡು ತೆಗೆದರೆ ರೋಗ ಹರಡುತ್ತದೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಲವಾಗಿ ಬೇರೂರಿದೆ. ಚರ್ಮದ ಬಯಾಪ್ಸಿಯಿಂದ ಹಾಗಾಗುವುದಿಲ್ಲ. ಮರವಿನ ಸೂಜಿ ಕೊಟ್ಟು, ಜೋಳದ ಕಾಳಿನಷ್ಟು ಚರ್ಮ ತೆಗೆದು, ಒಂದೆರಡು ಹೊಲಿಗೆ ಹಾಕಿ ಅದೇ ದಿನ ಮನೆಗೆ ಕಳುಹಿಸುತ್ತಾರೆ.

ಮೊದಲು ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಕಲಬುರಗಿಯಲ್ಲಿರುವ ಅದರ ಕೇಂದ್ರ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗಳು ನಮ್ಮ ಭಾಗದವರಿಗೆ ಪರಿಚಿತವೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಕ್ಯಾನ್ಸರ್ ಚಿಕಿತ್ಸೆಗೆ ನೆರವುಂಟು. ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಮರೆಯದೆ ಒಯ್ಯಬೇಕು. ಬೆಳಕಿನ ಚಿಕಿತ್ಸೆಯ ಮುಲಾಮು ಮತ್ತು ದೀಪ ಎಲ್ಲ ಊರುಗಳಲ್ಲಿಯೂ ಇರುವುದಿಲ್ಲ. ಅದನ್ನೇ ಹುಡುಕುತ್ತ ತಿಂಗಳು ಕಳೆಯುವುದು ಬೇಡ. ಬಯಾಪ್ಸಿಯ ವರದಿಯಲ್ಲಿ ರೋಗವು ಹೊರಪದರದಲ್ಲಿಯೇ ಇದೆಯೆಂದು ಬಂದರೆ, ಆಗ ಈ ಚಿಕಿತ್ಸೆ ತಮಗೆ ಹೊಂದುವುದೇ ಎಂದು ವೈದ್ಯರನ್ನು ಕೇಳಿ.

ಹೋಗುವ ಮುನ್ನ ಕಲೆಯ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ತೋರಿಸಬೇಕಾಗಿ ಬಂದರೆ ಬೆಳೆದಿದೆಯೋ ಇಲ್ಲವೋ ಎಂಬುದು ಅದರಿಂದ ಗೊತ್ತಾಗುತ್ತದೆ. ಲೇಪ, ಎಣ್ಣೆ, ಅರಿಸಿನ ಏನನ್ನೂ ಹಚ್ಚದೆ ಬರಿಯ ನೀರಿನಿಂದ ತೊಳೆದುಕೊಂಡು ಹೋಗಿ. ಈ ಹಿಂದೆ ಯಾರಾದರೂ ಏನನ್ನಾದರೂ ಹಚ್ಚಿದ್ದರೆ, ಸುಟ್ಟಿದ್ದರೆ, ಕುಡಿಯುವ ಕೊಳವೆಬಾವಿ ಯಾವುದೆಂದು ಕೇಳಿದರೆ, ಸಂಕೋಚಪಡದೆ ಇದ್ದದ್ದನ್ನು ಇದ್ದಂತೆ ಹೇಳಿ.